ಟ್ಯಾಂಕಿನ ಮುಚ್ಚಳ ಎಲ್ಲಿ ಹೋಯಿತು?

“ಫ್ಯಾನ್ ಆಫ್ ಮಾಡ್ರೋ! ಯಾರರ ಬಂದು ಈ ಫ್ಯಾನ್ ಆಫ್ ಮಾಡ್ರೋ!”

ಮೂರು ಕಂಬಳಿಗಳ ಅಡಿಯಿಂದ ಅಜ್ಜನ ದನಿ ಬಂತು. ಮಂಚ ಗಡಗಡ ಅಲುಗಾಡುತ್ತಿತ್ತು. ಮಂಚದ ಕಾಲಿಗೆ ತಾಗಿಸಿಟ್ಟಿದ್ದ ಸ್ಟೀಲಿನ ತಂಬಿಗೆಯೂ ಅದರ ಜೊತೆ ಟಣಟಣ ಎನ್ನುತ್ತಿತ್ತು.

“ಅಜ್ಜಾ, ಕರೆಂಟೇ ಇಲ್ಲ. ಫ್ಯಾನ್ ಸುಮ್ನ ನಿಂತೈತಿ,” ಎಂದಳು ಸಂಯುಕ್ತಾ.

“ಹಂಗಾರ ಕರೆಂಟ್ ಬಂದ ಮ್ಯಾಲೆ ಆಫ್ ಮಾಡು!”

ಸೆಪ್ಟೆಂಬರ್ ತಿಂಗಳ ಶನಿವಾರ, ಮಧ್ಯಾಹ್ನ ಎರಡು ಗಂಟೆ. ಮಲ್ಕಾಜ್‌ಗಿರಿಯ ಆ ಗಲ್ಲಿಯಲ್ಲಿ ನಾಯಿಗಳು ಕೂಡ ಸೆಕೆ ತಾಳದೆ ಕಾರುಗಳ ಅಡಿ ಸೇರಿಕೊಂಡಿದ್ದವು. ಅರ್ಧ ದಿನದ ಶಾಲೆ ಮುಗಿಸಿ ಬಂದ ಸಂಯುಕ್ತಾಳ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅಜ್ಜನಿಗೆ ಮಾತ್ರ ಐಸ್ ಫ್ಯಾಕ್ಟರಿಯಲ್ಲಿ ಕೂತ ಹಾಗೆ ಚಳಿ.

ಅಜ್ಜನ ಹೆಸರು ವೀರಭದ್ರಪ್ಪ. ರಾಯಚೂರಿನವನು. ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ. ರಿಟೈರ್ ಆದ ಮೇಲೆ ಇಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿ, ಅದರಲ್ಲೂ ಗಾರ್ಡ್ ಆಗಿಯೇ ಇದ್ದ. ಯಾರು ಎಷ್ಟು ಗಂಟೆಗೆ ಬಂದರು, ಯಾರು ಗೇಟು ಹಾಕಲಿಲ್ಲ, ಯಾರು ನಲ್ಲಿ ಬಿಟ್ಟು ಹೋದರು, ಎಲ್ಲದಕ್ಕೂ ಅವನ ಹತ್ತಿರ ಲೆಕ್ಕವಿತ್ತು.

ಒಂದು ಗಂಟೆಯಾದ ಮೇಲೆ ಚಳಿ ಹೋಗಿ ಮೈ ಸುಡತೊಡಗಿತು. ಆಮೇಲೆ ಬೆವರು ಬಂತು. ನಾಲ್ಕೂವರೆಗೆ ಅಜ್ಜ ಕಂಬಳಿ ಒದ್ದು ಎದ್ದು ಕೂತ.

“ಮೊನ್ನೆ ಗುರುವಾರನೂ ಎರಡಕ್ಕss ಬಂತು. ಇವತ್ತೂ ಎರಡಕ್ಕss ಬಂತು,” ಎಂದ, ಗೋಡೆಯ ಗಡಿಯಾರ ನೋಡುತ್ತ. “ರೈಟ್ ಟೈಮ್! ನಾ ಸರ್ವೀಸಿನಾಗಿದ್ದಾಗ ಒಂದು ಗಾಡಿನೂ ಹಿಂಗ ಬರಲಿಲ್ಲ ನೋಡು.”

ಮಮ್ಮಿ ನಲಿನಿಗೆ ಮಾತ್ರ ನಗು ಬರಲಿಲ್ಲ. ಅಪ್ಪ ಗೂಡ್ಸ್ ರೈಲು ಓಡಿಸುವವನು, ಡ್ಯೂಟಿ ಮೇಲೆ ಊರು ಬಿಟ್ಟು ಎರಡು ದಿನವಾಗಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡಳು.

“ಮಾವಾರ, ಏಳ್ರಿ. ದವಾಖಾನಿಗೆ ಹೋಗೂಣು.”

“ನನಗೇನಾಗೈತಿ? ನಿನ್ನೆ ತಿಂದ ಮಿರ್ಚಿ ಬಜ್ಜಿ ಜಾಸ್ತಿ ಆಗೈತಿ, ಅಷ್ಟೇ.”

“ಬಜ್ಜಿ ತಿಂದ್ರ ಹೊಟ್ಟಿ ಕೆಡತೈತ್ರಿ. ಮಂಚ ನಡುಗಂಗಿಲ್ಲ.”

ದವಾಖಾನೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು. ಕಾಲು ಗಂಟೆಯಲ್ಲೇ ಗೊತ್ತಾಯಿತು. ಮಲೇರಿಯಾ.

“ಸಾಧ್ಯನೇ ಇಲ್ಲ,” ಎಂದ ಅಜ್ಜ ಡಾಕ್ಟರಮ್ಮನಿಗೆ, ತನ್ನ ರೈಲ್ವೆ ಹಿಂದಿಯಲ್ಲಿ. “ನಮ್ಮ ಮನೆ ಬಹಳ ಸ್ವಚ್ಛ. ಮತ್ತೊಮ್ಮೆ ಚುಚ್ಚಿ ನೋಡಿ.”

ಡಾಕ್ಟರಮ್ಮ ಮತ್ತೊಮ್ಮೆ ಚುಚ್ಚಲಿಲ್ಲ. ಎರಡು ಥರದ ಗುಳಿಗೆ ಕೊಟ್ಟರು. ಒಂದು ಥರದ್ದು ಮೂರು ದಿನಕ್ಕೆ, ಇನ್ನೊಂದು ಹದಿನಾಲ್ಕು ದಿನಕ್ಕೆ. ಜ್ವರ ಬಿಟ್ಟರೂ ಗುಳಿಗೆ ಬಿಡಬಾರದು, ಬಿಟ್ಟರೆ ತಿಂಗಳೆರಡು ತಿಂಗಳಿಗೆ ಜ್ವರ ಮತ್ತೆ ಬರಬಹುದು ಎಂದು ಮೂರು ಸಲ ಹೇಳಿದರು. ಸೊಳ್ಳೆ ಪರದೆಯೊಳಗೇ ಮಲಗಬೇಕು ಎಂದೂ ಹೇಳಿದರು.

“ನನ್ನ ಕಡದ ಗುಂಗಾಡ ಆಗಲೇ ಕಡದು ಹೋಗೈತಿ. ಈಗ್ಯಾಕ ಪರದೆ?” ಎಂದು ಅಜ್ಜ ದಾರಿಯುದ್ದಕ್ಕೂ ಗೊಣಗಿದ.

ಮರುದಿನ ಮುಂಜಾನೆ ಎಂಟಕ್ಕೆಲ್ಲ ಯಾದಮ್ಮ ಬಂದರು. ಅವರು ಆ ಬಸ್ತಿಯ ಆಶಾ ಕಾರ್ಯಕರ್ತೆ. ಕೈಯಲ್ಲಿ ಟಾರ್ಚು, ಬಿಳಿ ಸೌಟು, ಒಂದು ದಪ್ಪ ರಿಜಿಸ್ಟರು. ಮನೆಯಲ್ಲಿ ಒಬ್ಬರಿಗೆ ಮಲೇರಿಯಾ ಬಂದರೆ ಉಳಿದವರ ರಕ್ತವನ್ನೂ ನೋಡಬೇಕು, ಮನೆಯ ನೀರನ್ನೂ ನೋಡಬೇಕು. ಅವರು ತೆಲುಗು, ಹಿಂದಿ ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಸಂಯುಕ್ತಾ ಅದನ್ನು ಅಜ್ಜನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಜ್ಜನಿಗೆ ಎರಡೂ ಭಾಷೆ ಚೆನ್ನಾಗಿಯೇ ಬರುತ್ತಿದ್ದವು. ಇಷ್ಟವಿಲ್ಲದ ಮಾತು ಕೇಳುವಾಗ ಮಾತ್ರ ಮರೆತು ಹೋಗುತ್ತಿದ್ದವು.

“ಅವರಿಗೆ ಹಿಂದಿನ ಮೋರಿ ತೋರಿಸು,” ಎಂದ ಅಜ್ಜ ಪರದೆಯೊಳಗಿಂದ. “ನಾಕು ಸಲ ಅರ್ಜಿ ಬರದೀನಿ. ಗುಂಗಾಡ ಎಲ್ಲಾ ಅಲ್ಲಿಂದss ಬರ್ತಾವು.”

ಯಾದಮ್ಮ ತಲೆ ಅಲ್ಲಾಡಿಸಿದರು. “ಮೋರಿ ಸೊಳ್ಳೆ ಬೇರೆ, ತಾತಾ. ಮಲೇರಿಯಾ ಸೊಳ್ಳೆಗೆ ಗಲೀಜು ಸೇರುವುದಿಲ್ಲ. ಅದಕ್ಕೆ ಕ್ಲೀನ್ ನೀರು ಬೇಕು.”

“ಅಂದ್ರ?”

“ಅಂದ್ರ ಅದು ನಿನ್ನಂಗ ಅಜ್ಜಾ,” ಎಂದಳು ಸಂಯುಕ್ತಾ. “ಭಾಳ ಸ್ವಚ್ಛ.”

“ಇಷ್ಟು ಸಣ್ಣ ಗುಂಗಾಡ, ಇಷ್ಟು ದೊಡ್ಡ ಮನುಷಾನ್ನ ಹೆಂಗ ನಡುಗಿಸ್ತೈತಿ?”

ಯಾದಮ್ಮ ನಕ್ಕರು. “ಸೊಳ್ಳೆ ಬರೀ ಷೇರ್ ಆಟೋ, ತಾತಾ. ಜ್ವರ ಇದ್ದವರನ್ನು ಕಚ್ಚಿದಾಗ ಒಂದು ಕ್ರಿಮಿ ಹತ್ತಿ ಕೂರುತ್ತೆ. ಇನ್ನೊಬ್ಬರನ್ನು ಕಚ್ಚಿದಾಗ ಅವರ ರಕ್ತದೊಳಗೆ ಇಳಿಯುತ್ತೆ. ನಡುಗಿಸುವುದು ಆ ಪ್ಯಾಸೆಂಜರ್. ಅದಕ್ಕೇ ನಿಮಗೆ ಈ ಪರದೆ. ನಿಮ್ಮಿಂದ ಯಾವ ಆಟೋನೂ ಹೊರಡಬಾರದು.”

“ಟಿಕೆಟ್ ಇಲ್ಲದ ಪ್ಯಾಸೆಂಜರ್!” ಅಜ್ಜ ಹಲ್ಲು ಕಡಿದ.

ಯಾದಮ್ಮ ಮಮ್ಮಿ, ಸಂಯುಕ್ತಾ ಇಬ್ಬರ ಬೆರಳೂ ಚುಚ್ಚಿ ನೋಡಿದರು, ಏನೂ ಇರಲಿಲ್ಲ. ಹೂಕುಂಡದ ತಟ್ಟೆ ನೋಡಿದರು. ಫ್ರಿಜ್ಜಿನ ಹಿಂದೆ ಟಾರ್ಚು ಬಿಟ್ಟು ನೋಡಿದರು. ಬಚ್ಚಲಿನ ಡ್ರಮ್ಮು ನೋಡಿದರು. ಎಲ್ಲ ಸರಿಯಿತ್ತು. ಆಮೇಲೆ ಮೇಲಕ್ಕೆ ಬೆರಳು ತೋರಿಸಿದರು.

“ಟೆರೇಸ್?”

ಸಂಯುಕ್ತಾ ಕಾಲು ಎಳೆಯುತ್ತ ಅವರ ಹಿಂದೆ ಮೆಟ್ಟಿಲು ಹತ್ತಿದಳು.

ಟೆರೇಸಿನಲ್ಲಿ ಮೇಲಿನ ಮನೆಯ ಬಾಡಿಗೆದಾರ ಅಂಬಾದಾಸ ಅಂಕಲ್ ಬನಿಯನ್ ಹಾಕಿಕೊಂಡು ಬಸ್ಕಿ ಹೊಡೆಯುತ್ತ, ದೊಡ್ಡ ದನಿಯಲ್ಲಿ ಹಾಡುತ್ತಿದ್ದರು. ಬೀದರ ಕಡೆಯವರು, ಜೀಡಿಮೆಟ್ಲಾದ ಔಷಧ ಫ್ಯಾಕ್ಟರಿಯಲ್ಲಿ ಕೆಲಸ. ಅವರು ದಿನಾ ಬಸ್ಕಿ ಹೊಡೆಯುತ್ತಿದ್ದರು, ದಿನಾ ಹಾಡುತ್ತಿದ್ದರು. ಬಸ್ಕಿ ಚೆನ್ನಾಗಿದ್ದವು.

ಯಾದಮ್ಮ ನೇರ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ಹತ್ತಿರ ಹೋಗಿ ಕಲ್ಲಿನ ಮೇಲೆ ಹತ್ತಿದರು.

“ಅಯ್ಯೋ, ಮೂತ ಏದಿ?”

ಮುಚ್ಚಳ ಎಲ್ಲಿ ಎಂದು ಅವರು ಕೇಳಿದ್ದು. ಟ್ಯಾಂಕಿನ ಬಾಯಿ ಬಟಾಬಯಲಾಗಿತ್ತು. ಅವರು ಸೌಟಿನಲ್ಲಿ ನೀರು ತೆಗೆದು ಸಂಯುಕ್ತಾಳ ಮುಂದೆ ಹಿಡಿದರು. ಬಿಳಿ ಸೌಟಿನಲ್ಲಿ ಅಕ್ಕಿಯ ನುಚ್ಚಿಗಿಂತ ತೆಳ್ಳಗಿನ ಕಂದು ಹುಳುಗಳು ನೀರಿನ ಮೇಲೆ ಅಡ್ಡಡ್ಡ ಮಲಗಿದ್ದವು. ಬೆರಳು ಹತ್ತಿರ ತಂದರೆ ಚಂಗನೆ ಸರಿಯುತ್ತಿದ್ದವು.

“ನೋಡು ಪಾಪಾ, ಬೇರೆ ಸೊಳ್ಳೆ ಮರಿಗಳು ತಲೆ ಕೆಳಗೆ ಮಾಡಿ ನೇತಾಡುತ್ತವೆ. ಹೀಗೆ ಹಾಸಿಗೆ ಹಾಸಿದ ಹಾಗೆ ಮಲಗಿದ್ದರೆ ಮಲೇರಿಯಾ ಸೊಳ್ಳೆಯವು. ತಿಂಗಳಿಂದ ತೆರೆದಿರಬೇಕು ಇದು.”

ತಿಂಗಳಲ್ಲ. ಒಂದು ತಿಂಗಳು ಒಂಬತ್ತು ದಿನ. ಸಂಯುಕ್ತಾಳಿಗೆ ಸರಿಯಾಗಿ ಗೊತ್ತಿತ್ತು.

ಆಗಸ್ಟ್ ಹದಿನೈದರ ನಾಟಕದಲ್ಲಿ ಅವಳು ಸೇನಾಪತಿ. ಎಲ್ಲರೂ ರಟ್ಟಿನ ಗುರಾಣಿ ಮಾಡಿಕೊಂಡು ಬಂದಿದ್ದರು. ರಟ್ಟು ಹಿಡಿದ ಸೇನಾಪತಿ ಏನು ಚೆಂದ? ಟ್ಯಾಂಕಿನ ಮುಚ್ಚಳ ದುಂಡಗಿತ್ತು, ಗಟ್ಟಿಯಿತ್ತು, ಮೇಲೆ ಬಂಗಾರದ ಕಾಗದ ಅಂಟಿಸಿದರೆ ಥಳಥಳ ಹೊಳೆಯುತ್ತಿತ್ತು. ನೀರೇನು ಹಾರಿ ಹೋಗುವುದಿಲ್ಲವಲ್ಲ ಎಂದುಕೊಂಡು ತೆಗೆದುಕೊಂಡು ಹೋಗಿದ್ದಳು. ಶತ್ರುವಾಗಿದ್ದ ಕೌಶಲ್ ಆವೇಶದಲ್ಲಿ ಹೊಡೆದ ಹೊಡೆತಕ್ಕೆ ಅದು ಫಟ್ ಎಂದು ಎರಡು ಹೋಳಾಯಿತು. ಜನ ಚಪ್ಪಾಳೆ ತಟ್ಟಿದರು. ಹೋಳುಗಳು ಶಾಲೆಯ ಗುಜರಿ ಸೇರಿದವು. ಮಮ್ಮಿಗೆ ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು.

“ಮುಚ್ಚಳ ಯಾರು ತೆಗೆದರು ಪಾಪಾ?” ಎಂದು ಯಾದಮ್ಮ ಕೇಳಿದರು.

ಹೇಳಬೇಕೆಂದು ಬಾಯಿ ತೆರೆದಳು. “ಗೊತ್ತಿಲ್ಲ,” ಎಂಬ ಮಾತು ಹೊರಗೆ ಬಂತು.

ಕೆಳಗೆ ಅಜ್ಜನಿಗೆ ಸುದ್ದಿ ಮುಟ್ಟಿದಾಗ ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

“ಅಂಬಾದಾಸ! ಇನ್ಯಾರು? ದಿನಾ ಮುಂಜಾನೆ ಮ್ಯಾಲೆ ಹೋಗಾಂವ ಅವನೊಬ್ಬನss. ಬೆವರು ಸುರಿಸಿ, ಟ್ಯಾಂಕಿನಾಗಿನ ನೀರು ತಗೊಂಡು ಮುಖ ತೊಳಕೊಂಡಿರತಾನ. ಕರೀರಿ ಅವನ್ನ!”

ಅಂಬಾದಾಸ ಅಂಕಲ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದರು. “ನಾ ಮುಚ್ಚಳ ಮುಟ್ಟಿಲ್ಲ ಕಾಕಾರ. ಅದು ಇಲ್ಲದ್ದು ನೋಡೀನಿ ಖರೆ...”

“ನೋಡಿ ಸುಮ್ನ ಇದ್ದಿ! ನನಗ ಜ್ವರ ಬರಲಿ ಅಂತ ಕಾದಿದ್ದಿ! ಇದೇ ತಿಂಗಳು ಮನಿ ಖಾಲಿ ಮಾಡು.”

“ಮಾವಾರ!” ಎಂದಳು ಮಮ್ಮಿ ಗಾಬರಿಯಾಗಿ.

“ಮಾತಿಲ್ಲ. ಹಸಿರು ಬಾವುಟ ತೋರಿಸೀನಿ. ಗಾಡಿ ಹೊರಡಬೇಕು.”

ಅಂಕಲ್ ಯಾದಮ್ಮನ ಕಡೆ ತಿರುಗಿ, ಟ್ಯಾಂಕು ಹೇಗೆ ತೊಳೆಯಬೇಕು ಎಂದು ಕೇಳಿದರು. ಪ್ಯಾಂಟು ಮಡಚಿಕೊಂಡು ಅವರೇ ಹೋದರು. ಎಲ್ಲ ನೀರು ಬಿಟ್ಟು, ಒಳಗಿಳಿದು, ಬ್ರಷ್ಷಿನಿಂದ ಗೋಡೆ ಉಜ್ಜಿ, ಬಿಸಿಲಿಗೆ ಒಣಗಿಸಿ, ನೀರು ಹೊರಚೆಲ್ಲುವ ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿದರು. ಸಂಯುಕ್ತಾ ಟಾರ್ಚು ಹಿಡಿದು ನಿಂತಿದ್ದಳು. ಅವತ್ತು ಅವರು ಹಾಡಲಿಲ್ಲ. ಅವರ ಹಾಡನ್ನು ಕೇಳಬೇಕು ಎಂದು ಅವಳಿಗೆ ಅನ್ನಿಸಿದ್ದು ಅದೇ ಮೊದಲು. ಸಂಜೆ ಮಮ್ಮಿ ಹೊಸ ಮುಚ್ಚಳ ತಂದು ಹಾಕಿದಳು.

ಸೋಮವಾರ ಎರಡು ಗಂಟೆಗೆ ಜ್ವರ ಬರಲಿಲ್ಲ. ಬುಧವಾರವೂ ಬರಲಿಲ್ಲ. ಅಜ್ಜನ ಮೀಸೆ ಮತ್ತೆ ಮೇಲೆದ್ದಿತು. ಅವನಿಗೆ ಗುಳಿಗೆ ಕೊಡುವ ಡ್ಯೂಟಿ ಸಂಯುಕ್ತಾಳದ್ದು. ಊಟವಾದ ಮೇಲೆ ಗುಳಿಗೆ, ನೀರು ಕೊಟ್ಟು, ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯಬೇಕು.

ಶುಕ್ರವಾರ ಅವಳು ಅಜ್ಜನ ಹಾಸಿಗೆ ಝಾಡಿಸುತ್ತಿದ್ದಾಗ ತಲೆದಿಂಬಿನ ಚೀಲದಿಂದ ಟಪ್ ಟಪ್ ಎಂದು ಎರಡು ಗುಳಿಗೆಗಳು ಉದುರಿದವು. ಒಂದಿಷ್ಟು ಒದ್ದೆಯಾಗಿ, ಒಣಗಿ, ಬೂದಿ ಹತ್ತಿದ ಹಾಗಿದ್ದವು.

“ಅಜ್ಜಾ! ನೀ ಗಲ್ಲದಾಗ ಇಟ್ಕೊಂಡು ಉಗುಳಿಯೇನು?”

ಅಜ್ಜ ಬಾಗಿಲ ಕಡೆ ನೋಡಿದ. ಮಮ್ಮಿ ಪೋಸ್ಟಾಫೀಸಿನ ಕೆಲಸದಿಂದ ಇನ್ನೂ ಬಂದಿರಲಿಲ್ಲ.

“ಸಾವಕಾಶ ಮಾತಾಡು. ಜ್ವರ ಬಿಟ್ಟೈತಿ. ಮತ್ಯಾಕ ಆ ಕಹಿ? ಹೊಟ್ಟಿ ತೊಳಸತೈತಿ.”

“ಡಾಕ್ಟರ್ ಮೂರು ಸಲ ಹೇಳ್ಯಾರ. ನಾ ಮಮ್ಮಿಗೆ ಹೇಳ್ತೀನಿ.”

“ಬ್ಯಾಡ ನಮ್ಮವ್ವ! ಆಕಿ ತನ್ನ ಅಣ್ಣಗ, ನನ್ನ ಮಗಗ, ಇಡೀ ಊರಿಗೆ ಫೋನ್ ಹಚ್ಚತಾಳ.” ಅಜ್ಜ ದನಿ ಇಳಿಸಿದ. “ಒಂದು ಒಪ್ಪಂದ ಮಾಡ್ಕೊಳ್ಳೋಣು. ನೀ ಇದು ಹೇಳಬ್ಯಾಡ. ನಿಂದೂ ಏನರ ಇದ್ರ ನಾನೂ ಯಾರಿಗೂ ಹೇಳಂಗಿಲ್ಲ.”

ಸಂಯುಕ್ತಾ ತಲೆ ಎತ್ತಿ ಛಾವಣಿ ನೋಡಿದಳು. ಮೇಲಿನಿಂದ ಧಪ್ ಧಪ್ ಸದ್ದು ಬರುತ್ತಿತ್ತು. ಅಂಕಲ್ ರಟ್ಟಿನ ಡಬ್ಬಗಳಿಗೆ ಪಾತ್ರೆ ತುಂಬುತ್ತಿದ್ದರು.

“ನಂದೂ ಐತಿ,” ಎಂದಳು. “ಆದ್ರ ನೀ ಮೊದಲು ಗುಳಿಗೆ ನುಂಗು. ಬಾಯಿ ತಗದು ತೋರಿಸು. ನಾಲಗಿ ಎತ್ತು.”

ಅಜ್ಜ ಗುಳಿಗೆ ನುಂಗಿದ. ಬಾಯಿ ತೆರೆದ. ನಾಲಗೆ ಎತ್ತಿದ. ಅವಳು ಹೇಳಿದಳು. ಗುರಾಣಿ, ಬಂಗಾರದ ಕಾಗದ, ಕೌಶಲ್, ಗುಜರಿ, ಎಲ್ಲ. ಕೊನೆಯ ಹೊತ್ತಿಗೆ ಮೂಗು ಸೋರಿ, ಮಾತು ಅರ್ಧ ನುಂಗಿ ಹೋಯಿತು.

ಅಜ್ಜ ಖಾಲಿ ತಂಬಿಗೆ ಕೆಳಗಿಟ್ಟ.

“ಗೆದ್ದ್ಯಾ?” ಎಂದು ಕೇಳಿದ.

“ಏನು?”

“ಲಡಾಯಿ.”

“ಇಲ್ಲ. ಆ ಸೀನಿನಾಗ ನಾ ಸಾಯಬೇಕಿತ್ತು.”

ಅಜ್ಜನ ಮೀಸೆ ಅದುರಿತು. ನಕ್ಕನೋ, ಕೆಮ್ಮಿದನೋ ತಿಳಿಯಲಿಲ್ಲ. ಆಮೇಲೆ ಅವನೂ ಮೇಲಿನ ಧಪ್ ಧಪ್ ಕೇಳಿಸಿಕೊಂಡ. ಅವನ ಮುಖ ಇಷ್ಟೇ ಇಷ್ಟಾಯಿತು.

“ಒಂದು ಕೆಲಸ ಮಾಡು. ನೀನss ಹೋಗಿ ಹೇಳು, ಅಜ್ಜಗ ತಿಳೀಲಿಲ್ಲಂತ, ಇದ್ದು ಬಿಡ್ರಿ ಅಂತ.”

“ನಂದು ನಾ ಹೇಳ್ತೀನಿ,” ಎಂದಳು ಸಂಯುಕ್ತಾ ಮೂಗು ಒರೆಸಿಕೊಂಡು. “ನಿಂದು ನೀ ಹೇಳು.”

ಹದಿನೆಂಟು ಮೆಟ್ಟಿಲು. ಜ್ವರದಿಂದ ಅಜ್ಜನ ಕಾಲಲ್ಲಿ ಬಲವಿರಲಿಲ್ಲ. ಮೂರು ಕಡೆ ಕೂತ. ಪ್ರತಿ ಸಲ ಕೂತಾಗಲೂ, “ನಾಳಿ ಹೋದ್ರ ನಡೀತೈತಲ್ಲ?” ಎಂದ. ಸಂಯುಕ್ತಾ ಅವನ ಕೈ ಬಿಡಲಿಲ್ಲ.

ಅಂಕಲ್ ಬಾಗಿಲು ತೆರೆದ ಕೂಡಲೇ ಅವಳು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. “ಮುಚ್ಚಳ ನಾನು ಒಯ್ದಿದ್ದೆ ಅಂಕಲ್ ನಾಟಕಕ್ಕ ಅದು ಒಡದು ಹೋತು ನಾ ಸುಳ್ಳು ಹೇಳಿದೆ ನೀವು ಬೈಸಿಕೊಳ್ಳೋ ಮುಂದ ನಾ ಸುಮ್ನ ನಿಂತಿದ್ದೆ ಸಾರಿ.”

ಅಂಬಾದಾಸ ಅಂಕಲ್ ಕೈಯಲ್ಲಿ ಕುಕ್ಕರ್ ಹಿಡಿದು ನಿಂತಿದ್ದರು. ಅದನ್ನು ನಿಧಾನಕ್ಕೆ ಕೆಳಗಿಟ್ಟರು.

“ನಾನೂ ಏನು ಶಾಣ್ಯಾ ಅಲ್ಲ,” ಎಂದರು. “ಒಮ್ಮೆ ಪ್ಲಾಸ್ಟಿಕ್ ಹಾಳಿ ಕಟ್ಟಿದ್ದೆ, ಗಾಳಿಗಿ ಹಾರಿ ಹೋಯ್ತು. ಆಮ್ಯಾಲೆ ದಿನಾ ನೋಡ್ತಿದ್ದೆ. ದಿನಾ ಕಾಕಾರಿಗಿ ನಾಳಿ ಹೇಳಮು ಅಂತಿದ್ದೆ. ಅವರ ಮುಂದ ನಿಂತು ಮಾತಾಡ್ಲಿಕ್ಕಿ ಅಂಜಿಕಿ ಬರ್ತದ ನನಗ.”

ಸಂಯುಕ್ತಾ ಕಣ್ಣರಳಿಸಿ ನೋಡಿದಳು. ನೂರು ಬಸ್ಕಿ ಹೊಡೆಯುವ ಅಂಕಲ್ಲಿಗೂ ಅಂಜಿಕೆಯೇ?

ಈಗ ಅಜ್ಜನ ಸರದಿ. ಅವನು ಗಂಟಲು ಸರಿ ಮಾಡಿಕೊಂಡ. ಗೋಡೆ ನೋಡಿದ. ಡಬ್ಬ ನೋಡಿದ.

“ನೀ ಹಾಡೋದು ಮಾತ್ರ ಭಾಳ ಕೆಟ್ಟ ಐತಿ,” ಎಂದ. “ಅದು ಬ್ಯಾರೆ ಮಾತು. ಉಳದದ್ದೆಲ್ಲಾ ನಂದು ತಪ್ಪು. ಆ ಡಬ್ಬಿ ಬಿಚ್ಚು, ಮಾರಾಯ.”

ಮರುದಿನ ಯಾದಮ್ಮ ಗುಳಿಗೆಯ ಲೆಕ್ಕ ನೋಡಲು ಬಂದಾಗ ಅಜ್ಜನೇ ದಿಂಬಿನ ಕಥೆ ಒಪ್ಪಿಕೊಂಡ. ಅವರು ಅವನನ್ನು ತೆಲುಗಿನಲ್ಲಿ ಐದು ನಿಮಿಷ ಬೈದು, ಕೊನೆಗೆ ಎರಡು ದಿನ ಹೆಚ್ಚು ಸೇರಿಸಿದರು. ಸಂಯುಕ್ತಾ ಅವರನ್ನು ಗೇಟಿನ ತನಕ ಬಿಡಲು ಹೋದಳು.

“ಆಂಟಿ, ಅಜ್ಜನಿಗೆ ಕಚ್ಚಿದ್ದು ನಮ್ಮ ಟ್ಯಾಂಕಿನ ಸೊಳ್ಳೇನಾ?” ಎಂದು ಕೇಳಿದಳು.

ಯಾದಮ್ಮ ಸುಳ್ಳು ಸಮಾಧಾನ ಹೇಳುವವರಲ್ಲ.

“ಇರಬಹುದು. ಪಕ್ಕದ ಮನೆಯದ್ದೂ ಇರಬಹುದು. ಸಂಜೆ ತಾತ ಸ್ಟೇಷನ್ ಹತ್ತಿರ ಕೂರುತ್ತಾರಲ್ಲ, ಅಲ್ಲಿಯದ್ದೂ ಇರಬಹುದು. ಸೊಳ್ಳೆಯ ಮೇಲೆ ಯಾರ ಮನೆ ನಂಬರೂ ಇರುವುದಿಲ್ಲ ಪಾಪಾ.”

ಆ ಮಾತು ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಸಂಯುಕ್ತಾ ಅದನ್ನು ಹಾಗೇ ಇಟ್ಟುಕೊಂಡಳು.

“ನಾಳೆ ಭಾನುವಾರ ಈ ಗಲ್ಲಿಯ ಎಲ್ಲ ಮನೆ ನೋಡಬೇಕು. ಟಾರ್ಚು ಹಿಡಿಯಲು ಬರುತ್ತೀಯಾ?”

ಬಂದಳು. ಏಳು ಮನೆ ಮುಗಿದವು. ಎಂಟನೆಯದು ಹನುಮಂತರಾಯ ತಾತನದ್ದು. ರಿಟೈರ್ಡ್ ಹೆಡ್‌ಮಾಸ್ತರು, ರಾಯಚೂರು ಕಡೆಯವರೇ, ಅಜ್ಜನ ವಾಕಿಂಗ್ ಗೆಳೆಯ. ವರಾಂಡದ ಮೂಲೆಯಲ್ಲಿ ದೊಡ್ಡ ಏರ್ ಕೂಲರ್ ನಿಂತಿತ್ತು.

“ಕೂಲರ್ ನೀರು ಖಾಲಿ ಮಾಡಿದಿರಾ ಸಾರ್?” ಎಂದು ಯಾದಮ್ಮ ಕೇಳಿದರು.

“ಮೇ ತಿಂಗಳಿನಾಗss ಮಾಡೀನಿ,” ಎಂದರು ತಾತ ಥಟ್ಟನೆ. “ನಾನss ಸ್ವತಃ ಒರಸಿ ಇಟ್ಟೀನಿ.”

ಸಂಯುಕ್ತಾ ಬಗ್ಗಿ ಟಾರ್ಚು ಬಿಟ್ಟಳು. ಕೂಲರಿನ ತಳದಲ್ಲಿ ಗೇಣು ನೀರಿತ್ತು. ಅದರ ತುಂಬ ಹುಳು. ಅವಳು ತಲೆ ಎತ್ತಿದಳು. ತಾತ ಕನ್ನಡಕ ತೆಗೆದು, ಅದರ ಮೇಲಿಲ್ಲದ ಧೂಳನ್ನು ಒರೆಸುತ್ತಿದ್ದರು. ಅವರ ಎರಡೂ ಕಿವಿ ಕೆಂಪಾಗಿದ್ದವು. ಸಾವಿರ ಮಕ್ಕಳಿಗೆ ಪಾಠ ಹೇಳಿದ ತಾತ ಈಗ ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ನಿಂತಿದ್ದರು.

ಹಿಂದಿನ ವಾರದ ಸಂಯುಕ್ತಾ ಆಗಿದ್ದರೆ ಗಲ್ಲಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು.

“ಮೊನ್ನೆ ಮಳಿ ಬಂದಿತ್ತಲ್ರಿ ತಾತಾ,” ಎಂದಳು. “ಆ ನೀರು ಬಿದ್ದಿರಬೇಕು.”

ಯಾದಮ್ಮ ವರಾಂಡದ ಮೇಲಿನ ಗಟ್ಟಿ ಸಿಮೆಂಟು ಛಾವಣಿ ನೋಡಿದರು. ಆಮೇಲೆ ಸಂಯುಕ್ತಾಳನ್ನು ನೋಡಿದರು. ರಿಜಿಸ್ಟರು ತೆರೆದು ಬರೆಯತೊಡಗಿದರು.

ತಾತ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. “ಹೌದವ್ವ, ಮಳಿ ನೀರss ಇರಬೇಕು,” ಎಂದರು ಸಣ್ಣ ದನಿಯಲ್ಲಿ.

“ನೀವು ಆ ಕಡೆ ಹಿಡೀರಿ ತಾತಾ. ನಾ ಈ ಕಡೆ ಎತ್ತತೀನಿ.”

ಕೂಲರ್ ಬಹಳ ಭಾರವಿತ್ತು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ವಾಲಿಸಿದರು. ನೀರೆಲ್ಲ ಬಿಸಿಲಿನ ಅಂಗಳಕ್ಕೆ ಸುರಿಯಿತು.